ಇಲಿಯಾಸ ಯಾರ ಮನಿ ಒಯ್ದ?

ಪಾಸ್‌ವರ್ಡ್ ಹೊಡೆದಳು. ಪರದೆ ಒಮ್ಮೆ ಕಪ್ಪಾಯಿತು. ತಿರುಗಿ ಬಂದು ಮತ್ತೆ ಪಾಸ್‌ವರ್ಡನ್ನೇ ಕೇಳಿತು!

ನಿಶಾತಳ ಮೈಯೆಲ್ಲ ಉರಿಯಿತು. ಬೆಳಗಿನಿಂದ ಇದೇ ಆಟ. ಪಕ್ಕದಲ್ಲಿ, ಹೊಸದಾಗಿ ಸೇರಿದ ಫರ್ಹಾನಾಳ ಕಂಪ್ಯೂಟರ್ ಮಾತ್ರ ಸಲೀಸಾಗಿ ನಡೆಯುತ್ತಿತ್ತು. ನಡೆಯದೆ ಏನು? ಅವಳ ಬೆನ್ನ ಹಿಂದೆಯೇ ಇಲಿಯಾಸ ನಿಂತಿದ್ದನಲ್ಲ!

ಬೆಟಗೇರಿಯ ಆ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದುದು ಲಗ್ನಪತ್ರಿಕೆ; ಅವುಗಳ ಚಿತ್ತಾರ ಬಿಡಿಸುವ ಕೆಲಸ ನಿಶಾತ, ಫರ್ಹಾನಾರದು. ಕಂಪ್ಯೂಟರೆಲ್ಲ ಲಿನಕ್ಸ್. ಯಾವುದರ ಮುಂದೆ ಕೂತು ಹೆಸರು ಹೊಡೆದರೂ ನಿಮ್ಮ ಫೈಲುಗಳು ಒಳಕೋಣೆಯ ಸರ್ವರಿನಿಂದ ವೈರಿನಲ್ಲಿ ಬಂದು ಎದುರು ನಿಲ್ಲುತ್ತಿದ್ದವು. ಅದನ್ನೆಲ್ಲ ನೋಡಿಕೊಳ್ಳುವವನು ಇಲಿಯಾಸ. ಅವನನ್ನು ನೋಡಲೆಂದೇ ನಿಶಾತ ಲಕ್ಕುಂಡಿಯಿಂದ ಮೊದಲ ಬಸ್ಸು ಹಿಡಿಯುತ್ತಿದ್ದಳು... ಅವನಿಗದು ಕಂಡರೆ ತಾನೇ? ಕುರುಡ!

ಶುಕ್ರವಾರ ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಬರಲೋ ಬೇಡವೋ, ಇಂದು ಸಂಜೆ ಅವಳು ಅಬ್ಬಾನಿಗೆ ಹೇಳಬೇಕಿತ್ತು.

"ಇಲಿಯಾಸ, ಇದು ನನ್ನ ಒಳಗ ಬಿಟ್ಕೊಳ್ಳವಲ್ದು."

"ತಡೀರಿ, ಮೊದಲ ಫರ್ಹಾನಾಂದು ಮುಗಸ್ತೀನಿ."

'ಮೊದಲ ಫರ್ಹಾನಾಂದು! ಅಕಿಗೆ ನೀನು, ನನಗ ರೀ!'

ನೀರು ಕುಡಿದು ತಿರುಗಿ ಬಂದವಳು ಒಳಕೋಣೆಯ ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ಒಳಗೆ ಅವರಿಬ್ಬರೂ ಇದ್ದರು.

"ಇವತ್ತಿನಿಂದ ನಿನ್ನ ಮನಿ, ನನ್ನ ಮನಿ ಎಲ್ಲಾ ಒಂದ ಕಡೆ ಆತು, ಫರ್ಹಾನಾ. ನಿಶಾತಗ ಹೇಳಬ್ಯಾಡ, ಗಾಬರಿ ಆಗ್ತಾಳ."

ಫರ್ಹಾನಾ ಕಿಸಕ್ಕನೆ ನಕ್ಕು, ಮರೆಯಲ್ಲಿದ್ದ ನಿಶಾತಳನ್ನು ಕಾಣದೆ ತನ್ನ ಜಾಗಕ್ಕೆ ಓಡಿದಳು.

ಒಂದೇ ಮನೆ! ನಿಶಾತಳ ಕಣ್ಣು ಕತ್ತಲಾಯಿತು. ನುಗ್ಗಿದವಳೇ ಇಲಿಯಾಸನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ವೈರನ್ನು ಕಿತ್ತೆಸೆದಳು.

"ಅಯ್ಯ! ನಂದು ನಿಂತ ಬಿಡ್ತು! ಮೌಸಿನ ಬಾಣ ಅಷ್ಟ ಅಲಗಾಡಾಕತ್ತೈತಿ!" ಹೊರಗಿನಿಂದ ಫರ್ಹಾನಾ ಕೂಗುತ್ತ ಬಂದಳು.

"ನಿಲ್ಲಲಿ! ಕಟ್ಕೋರಿ, ಇಬ್ಬರೂ ಕೂಡಿ ಮನಿ ಕಟ್ಕೋರಿ! ನನಗ್ಯಾಕ ಮುಚ್ಚಿಡ್ತೀರಿ?"

ಫರ್ಹಾನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಪಾ, ಮನಿ ಅಂದ್ರ ಹೋಮ್! ನಮ್ಮ ಫೈಲ್ ಇರೋ ಜಾಗಾ. ಇಂವಾ ಅದಕ್ಕ ಮನಿ ಅಂತಾನ!"

ನಿಶಾತಳ ಮುಖ ಕೆಂಪೇರಿತು.

"ಸರ್ವರ್ ತುಂಬಿ ಹೋಗೈತ್ರಿ," ಇಲಿಯಾಸ ತಡವರಿಸಿದ. "ಹೊಸಾದೇನೂ ಬರಕೊಳ್ಳಾಕ ಜಾಗಾ ಇಲ್ಲ. ಅದಕ್ಕ ನಿಮ್ಮನ್ನ ಒಳಗ ಕರದು ಹೊರಗ ಹಾಕತೈತಿ. ಎಲ್ಲಾರ ಮನಿ ನನ್ನ ಲ್ಯಾಪ್‌ಟಾಪಿಗೆ ಒಯ್ಯಬೇಕು. ಒಯ್ಯುವಾಗ ಕೆಟ್ಟರ? ಮೊದಲ ಫರ್ಹಾನಾಂದು ಒಯ್ದು ನೋಡಿದೆ."

"ಹಂಗಾರ ನಂದು ಕೆಟ್ಟರ ನಡೀತಿತ್ತೇನೋ?" ಫರ್ಹಾನಾ ಕೇಳಿದಳು.

"ನಿಂದ್ರಾಗ ಏನೈತಿ? ಎರಡ ಹೂವು, ಒಂದ ಬಾರ್ಡರ್. ಆದ್ರ ನಿಶಾತ ಬಿಡಿಸಿದ್ದು ಹೋದ್ರ... ಅಕಿ ಅತ್ತರ ನನಗ ತಡ್ಕೊಳ್ಳಾಕ ಆಗಂಗಿಲ್ಲ."

ಹೇಳಿದವನೇ ಇಲಿಯಾಸ ಬಗ್ಗಿ ವೈರನ್ನು ಸಿಕ್ಕಿಸಿದ. ಫರ್ಹಾನಾಳ ಪರದೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ನಡೆಯಿತು. ಒಂದು ಗೆರೆಯೂ ಕಳೆದಿರಲಿಲ್ಲ.

"ನಾ ಚಾ ಹೇಳಿ ಬರ್ತೀನಪಾ," ಎಂದು ಅವಳು ಜಾಗ ಖಾಲಿ ಮಾಡಿದಳು.

ನಿಶಾತ ನೆಲ ನೋಡುತ್ತ ಹೇಳಿದಳು, "ಶುಕ್ರವಾರ ಲಕ್ಷ್ಮೇಶ್ವರದವರು ನನ್ನ ನೋಡಾಕ ಬರ್ತಾರಂತ..."

"ಯಾರಂವಾ?" ಇಲಿಯಾಸನ ದನಿ ಗಡುಸಾಯಿತು. "ಏನ ಮಾಡ್ತಾನ? ಕಾರ್ ಐತೇನ ಅಂವಗ? ನೋಡಾಕ ಚೊಲೋ ಅದಾನೇನ?"

ಹೊಟ್ಟೆಕಿಚ್ಚು! ಬೆಳಗಿನಿಂದ ತನ್ನನ್ನು ಸುಟ್ಟ ಅದೇ ಕಿಚ್ಚು ಅವನ ಕಣ್ಣಲ್ಲಿ! ನಿಶಾತಳ ಎದೆ ತಣ್ಣಗಾಯಿತು.

"ನನಗೇನ ಗೊತ್ತು? ನಾ ಇನ್ನ ಹೂಂ ಅಂದಿಲ್ಲ."

"ಅನಬ್ಯಾಡ!"

"ಮತ್ತ ಅಬ್ಬಾಗ ಏನ ಹೇಳ್ಲಿ?"

"ಗುರುವಾರನ ನಮ್ಮ ಅಮ್ಮಿ ನಿಮ್ಮನಿಗೆ ಬರ್ತಾಳಂತ ಹೇಳು."

"ಅಮ್ಮಿಗೆ ಇದರ ಖಬರ ಐತೇನು?"

"ಇಲ್ಲ..." ಅವನು ತಲೆ ಕೆರೆದುಕೊಂಡ. "ಈಗ ಹೋಗಿ ಹೇಳ್ತೀನಿ. ಇಷ್ಟ ದಿನಾ ಯಾಕ ಹೇಳಲಿಲ್ಲಂತ ಬೈತಾಳ."

"ಬೈಸ್ಕೊಂಡ ಜಲ್ದಿ ಬಾ," ಎಂದಳು ನಿಶಾತ.