ಸೌತೆಕಾಯಿಯೊಳಗಿನ ಅಡುಗೆಯವರು

ಬಹಳ ಹಿಂದೆ, ಹೂವಿಗೂ ಗಾಳಿಗೂ ಮಾತುಕತೆ ಇದ್ದ ಕಾಲದಲ್ಲಿ, ಕಂಪಿನಪುರವೆಂಬ ರಾಜ್ಯವೊಂದಿತ್ತು. ಅಲ್ಲಿ ಬಾಚಣ್ಣನೆಂಬ ಅತ್ತರುಗಾರನೂ ಅವನ ಹೆಂಡತಿ ಚಂದಲೆಯೂ ಇದ್ದರು. ಹೂವು, ಬೇರು, ಎಲೆ ಏನೇ ತಂದರೂ ಬಟ್ಟಿಗೆ ಹಾಕಿ, ಕುದಿಸಿ, ಅತ್ತರು ಇಳಿಸುವುದು ಅವರ ಕಸುಬು. ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡುತ್ತಿರಲಿಲ್ಲ.

ಆ ರಾಜ್ಯದ ಮೇಲೆ ಕಮಟಯ್ಯನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಒಂದೇ ಉಸಿರಿಗೆ ನಾಡಿನ ವಾಸನೆಯನ್ನೆಲ್ಲ ಎಳೆದುಕೊಂಡು, ಭರಣಿಗಳಲ್ಲಿ ತುಂಬಿ, ಬಿರಡೆ ಜಡಿದ. ಮಲ್ಲಿಗೆಯಲ್ಲಿ ಬರೀ ಬಿಳಿ ಬಣ್ಣ ಉಳಿಯಿತು. ಕರುಗಳಿಗೆ ತಾಯಿಯ ಗುರುತು ಸಿಗದಾಯಿತು. ತಡೆಯಲು ಹೋದ ಬಾಚಣ್ಣನನ್ನು ಅವನು ಕರಡಿ ಮಾಡಿ, ತನ್ನ ಕೋಟೆಯ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ.

ಚಂದಲೆ ಅಳುತ್ತ ಕೂರುವವಳಲ್ಲ. ನೇರವಾಗಿ ಕೋಟೆಗೆ ಹೋಗಿ ಗಂಡನನ್ನು ಬಿಡು ಎಂದಳು. ಕಮಟಯ್ಯನಿಗೆ ಮೈಯೆಲ್ಲ ಜಂಬ. ಜಂಬದವರು ಸುಮ್ಮನೆ ಇಲ್ಲ ಅನ್ನುವುದಿಲ್ಲ, ಷರತ್ತು ಹಾಕುತ್ತಾರೆ.

"ನನ್ನ ಭರಣಿಯಲ್ಲಿಲ್ಲದ ಒಂದು ವಾಸನೆಯನ್ನು ಈ ಅಂಗಳಕ್ಕೆ ತಾ. ನನ್ನ ಮಾಯೆ ಅಲ್ಲಿಗೇ ಮುಗಿಯಿತು. ಮೂರು ಸಲ ಬರಬಹುದು. ಮೂರೂ ತಪ್ಪಿದರೆ ಇವನಿಗೆ ಕರಡಿಯ ಜನ್ಮವೇ ಗಟ್ಟಿ."

ಚಂದಲೆ ಮನೆಗೆ ಬಂದು ಯೋಚಿಸಿದಳು. ಹಿತ್ತಲಲ್ಲಿ ಸೌತೆಬಳ್ಳಿ ಇತ್ತು. ಇಡೀ ಸೌತೆಕಾಯಿಗೆ ವಾಸನೆಯೇ ಇಲ್ಲ, ಹಾಗಾಗಿ ಕಮಟಯ್ಯನಿಗೆ ಅದರಿಂದ ಏನೂ ಸಿಕ್ಕಿರಲಾರದು. ಹೆಚ್ಚಿದರೆ ಮಾತ್ರ ಅದು ಘಮ್ಮೆನ್ನುತ್ತದೆ. ಇಷ್ಟೆಲ್ಲ ಸರಿಯಾಗಿ ಯೋಚಿಸಿದವಳು ಮಾಡಿದ್ದೇನು? ಕೈಯ ಅಭ್ಯಾಸ, ಕಾಯಿಗಳನ್ನು ಇಡಿಯಾಗಿಯೇ ಬಟ್ಟಿಗೆ ಹಾಕಿ ಕುದಿಸಿದಳು. ಘಮ ಹಾರಿಹೋದೀತೆಂದು ಮೂಸಿಯೂ ನೋಡದೆ, ಸೀಸೆಗೆ ಬಿಗಿಯಾಗಿ ಮುಚ್ಚಳ ಹಾಕಿ ಹೊರಟಳು.

ಕೋಟೆಯ ಬಾಗಿಲಲ್ಲಿ ವಾಸನೆ ಕುಡಿಯುವ ಹಾವೊಂದಿತ್ತು. ಅದು ಸೀಸೆಯನ್ನು ಮೂಸಿ, ಆಕಳಿಸಿ, ದಾರಿ ಬಿಟ್ಟಿತು. ಅಂಗಳದಲ್ಲಿ ಮುಚ್ಚಳ ತೆಗೆದರೆ ಬರೀ ನೀರು. ಕಮಟಯ್ಯ ಹೊಟ್ಟೆ ಹಿಡಿದು ನಕ್ಕ. ಕರಡಿ ಮಾತ್ರ ಚಂದಲೆಯ ಪಾದ ನೆಕ್ಕಿತು.

ಮನೆಗೆ ಬಂದು ಅವಳು ಆಗ ಅತ್ತಳು. ಬುಟ್ಟಿಯಲ್ಲಿ ಉಳಿದಿದ್ದ ಸೌತೆಕಾಯಿಯ ತೊಟ್ಟಿನ ಮೇಲೆ ಸಾಸಿವೆಗಿಂತ ಚಿಕ್ಕವನೊಬ್ಬ ರುಮಾಲು ಸುತ್ತಿಕೊಂಡು ನಿಂತಿದ್ದ.

"ನಮ್ಮವರನ್ನೆಲ್ಲ ಕುದಿಸಿಬಿಟ್ಟು ಈಗ ಅಳುತ್ತೀಯಲ್ಲಕ್ಕ," ಎಂದ. "ನಾವು ಕಿಣ್ವರು, ಕಾಯಿಯೊಳಗಿನ ಅಡುಗೆಯವರು. ನಮ್ಮ ಕೋಣೆ ಬೇರೆ, ಎಣ್ಣೆಯ ಕೋಣೆ ಬೇರೆ. ಚಾಕು ಬಂದು ಗೋಡೆ ಒಡೆದರೇ ಎಣ್ಣೆ ನಮ್ಮ ಕೈಗೆ ಸಿಗುವುದು. ಅದನ್ನು ತುಂಡು ಮಾಡಿ ಘಮ ಮಾಡುತ್ತೇವೆ. ಬಿಸಿ ತಾಗಿದರೆ ನಮ್ಮ ಕೈಕಾಲು ಮುದುಡಿಹೋಗುತ್ತದೆ."

ಆ ಕಿಣ್ವರು ಮಾಡುವ ಘಮಕ್ಕೆ ಈಗಿನ ಓದಿದವರು ಆಲ್ಡಿಹೈಡ್ ಅನ್ನುತ್ತಾರಂತೆ. ಅನ್ನಲಿ ಪಾಪ. ಚಂದಲೆಗೆ ಅದು ಸೌತೆಕಾಯಿಯ ಘಮ, ಅಷ್ಟೇ. ಅವಳು ಚಿಕ್ಕವನ ಕ್ಷಮೆ ಕೇಳಿದಳು.

ಎರಡನೆಯ ಸಲ ಅವಳು ಬೆಂಕಿಯ ತಂಟೆಗೆ ಹೋಗಲಿಲ್ಲ. ಮನೆಯಲ್ಲೇ ಕಾಯಿ ಹೆಚ್ಚಿದಳು. ಅಡುಗೆಮನೆ ತುಂಬ ತಣ್ಣನೆಯ ಹಸಿರು ಘಮ ಹಬ್ಬಿತು. ಎಷ್ಟೋ ದಿನಗಳ ಮೇಲೆ ಮೂಗಿಗೆ ಒಂದು ವಾಸನೆ ಬಂದದ್ದಕ್ಕೆ ಅವಳ ಕಣ್ಣು ತುಂಬಿತು. ಹೋಳುಗಳನ್ನು ಬೆಳ್ಳಿಯ ಡಬ್ಬಿಯಲ್ಲಿಟ್ಟು ಓಡಿದಳು. ಬಾಗಿಲ ಹಾವು ಡಬ್ಬಿಯ ಸಂದಿಗೆ ಬಾಯಿಟ್ಟು ಘಮವನ್ನೆಲ್ಲ ಕುಡಿದುಬಿಟ್ಟಿತು. ಅಂಗಳಕ್ಕೆ ಹೋದದ್ದು ಒದ್ದೆ ಹೋಳು ಮಾತ್ರ. ಕರಡಿ ಈ ಸಲ ಅವಳನ್ನು ಯಾರೋ ಪರಕೀಯಳನ್ನು ನೋಡುವಂತೆ ನೋಡಿತು. ಅದರಿಂದ ಅವಳಿಗೆ ಸೋಲಿಗಿಂತ ಹೆಚ್ಚು ನೋವಾಯಿತು.

"ಆಗಿಹೋದ ಘಮವನ್ನು ಯಾರು ಬೇಕಾದರೂ ಕದಿಯಬಹುದು," ಎಂದ ಮನೆಯಲ್ಲಿ ಕಾಯುತ್ತಿದ್ದ ಚಿಕ್ಕವನು. "ಇನ್ನೂ ಹುಟ್ಟದ್ದನ್ನು ಹೇಗೆ ಕದಿಯುತ್ತಾರೆ? ನಮ್ಮನ್ನು ಇಡಿಯಾಗಿ ಅಲ್ಲಿಗೆ ಕರೆದುಕೊಂಡು ಹೋಗಕ್ಕ. ಅಡುಗೆ ಅಲ್ಲೇ ಆಗಲಿ."

ಮೂರನೆಯ ಸಲ ಅವಳು ಇಡೀ ಸೌತೆಕಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡು, ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಹೋದಳು. ಹಾವು ಮೂಸಿತು. ಏನೂ ಇಲ್ಲ. ದಾರಿ ಬಿಟ್ಟಿತು.

ಅಂಗಳದಲ್ಲಿ ಕರಡಿ ಅವಳನ್ನು ಕಂಡು ಗುರುಗುಟ್ಟಿತು, ಸರಪಳಿ ಜಗ್ಗಿತು. ಅವಳ ಗುರುತು ಪೂರ್ತಿ ಅಳಿಸಿಹೋಗಿತ್ತು. ದೂರ ನಿಂತು ಹೆಚ್ಚಿದರೂ ಷರತ್ತು ಗೆಲ್ಲಬಹುದಿತ್ತು. ಆದರೆ ಗಂಡನ ಮೂಗಿಗೆ ಮೊದಲು ತಲುಪದ ಘಮ ತನಗೆ ಯಾಕೆ ಎಂದುಕೊಂಡಳು ಚಂದಲೆ. ಹೋಗಿ ಅವನ ಮೂತಿಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಕರಡಿ ಪಂಜ ಎತ್ತಿತು. ಅವಳು ಚಾಕು ತೆಗೆದು ಕಾಯಿ ಹೆಚ್ಚಿದಳು.

ಗೋಡೆಗಳು ಒಡೆದವು. ಕಿಣ್ವರು ರುಮಾಲು ಬಿಗಿದು ಕೆಲಸಕ್ಕಿಳಿದರು. ಘಮ ಹುಟ್ಟಿತು. ಎತ್ತಿದ ಪಂಜ ಹಾಗೇ ನಿಂತಿತು.

ಕಮಟಯ್ಯ ಭರಣಿಯಿಂದ ಭರಣಿಗೆ ಓಡಾಡಿ ಹುಡುಕಿದ. ಆ ವಾಸನೆ ಯಾವುದರಲ್ಲೂ ಇರಲಿಲ್ಲ. ಕೊಟ್ಟ ಮಾತಿನಂತೆ ಅವನ ಮಾಯೆ ಹರಿಯಿತು, ಬಿರಡೆಗಳು ಹಾರಿದವು, ವಾಸನೆಗಳೆಲ್ಲ ತಂತಮ್ಮ ಮನೆಗೆ ಹೋದವು. ನಾಡಿನಲ್ಲಿ ಕರುಗಳು ಹಗ್ಗ ಹರಿದುಕೊಂಡು ತಾಯಂದಿರ ಹತ್ತಿರ ಓಡಿದವು. ಕಮಟಯ್ಯ ಬರೀ ಮುದುಕನಾಗಿ, ಒಂದೇ ಸಮ ಸೀನುತ್ತ ಕಾಡಿನ ಕಡೆ ನಡೆದ.

ಸರಪಳಿಯ ನಡುವೆ ಬಾಚಣ್ಣ ಕೂತಿದ್ದ. ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡ. ಮುಖ ಕಿವುಚಿದ.

"ತುದಿ ಕತ್ತರಿಸಿ ಉಜ್ಜಲಿಲ್ಲವೇನೆ? ಕಹಿ ಹಾಗೇ ಇದೆಯಲ್ಲ."

"ಮರೆತೆ ಕಣ್ರೀ," ಎಂದು ಚಂದಲೆ ಅತ್ತಳು, ನಕ್ಕಳು.

ಆ ಕಹಿ ಸೌತೆಕಾಯಿಯನ್ನು ಅವಳಿಗೆ ಒಂದು ಹೋಳೂ ಕೊಡದೆ ಅವನೇ ಪೂರ್ತಿ ತಿಂದ. ಆಮೇಲೆ ಇಬ್ಬರೂ ಮನೆಗೆ ನಡೆದರು, ನಾಡೆಲ್ಲ ಸುಖವಾಗಿತ್ತು.