ಕಬ್ಬಿಣದ ಹೂವಿನ ಬಾಲ್ಕನಿ

ಚಿತ್ರದುರ್ಗದ ಹಳೇ ಪೇಟೆಯ ಆ ಮಹಡಿ ಮನೆ ಸಂರಕ್ಷಿತ ಕಟ್ಟಡ. ಬಾಲ್ಕನಿಗಳ ತುಂಬ ಕಬ್ಬಿಣದ ಬಳ್ಳಿ, ಕಬ್ಬಿಣದ ಹೂವು. ಒಂದು ಎಸಳನ್ನೂ ಬದಲಿಸುವಂತಿಲ್ಲ. ತುಕ್ಕು ಉಜ್ಜಿ ಬಣ್ಣ ಬಳಿಯುವ ಕೆಲಸ ಓಬಳೇಶನಿಗೆ ಸಿಕ್ಕಿತ್ತು. ಜಾಣನಾಗಿದ್ದರೆ ಬೇಗ ಮುಗಿಸಿ ಹೋಗುತ್ತಿದ್ದ. ಆದರೆ ಮಹಡಿಯಲ್ಲಿ ಬಾಡಿಗೆಗಿದ್ದ ಮುರುಗಪ್ಪ ಮೇಷ್ಟರ ಮಗಳು ಬೃಂದಾ ಬಾಗಿಲಲ್ಲಿ ನಿಂತು ನಕ್ಕ ಮೇಲೆ ಅವನ ಕೈ ಓಡಲೇ ಇಲ್ಲ.

"ಈ ಹೂವು ನಿನ್ನೆನೂ ಉಜ್ತಿದ್ರಲ್ರಿ," ಎಂದಳು ಒಂದು ದಿನ, ಟೀ ಲೋಟ ಚಾಚುತ್ತ.

"ತುಕ್ಕು ಜಾಸ್ತಿ ಐತೆ."

"ಕಬ್ಬಿಣಕ್ಕಾ, ನಿಮ್ಮ ತಲೆಗಾ?"

ಬೆರಳಿಗೆ ಬೆರಳು ತಾಕಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಕಣ್ಣು ಮಾತ್ರ ಬೀದಿಯತ್ತ ತಿರುಗಿಸಿದಳು, ಅಲ್ಲೇನೋ ಭಾರೀ ವಿಶೇಷ ನಡೆಯುತ್ತಿರುವ ಹಾಗೆ. ಬೀದಿಯಲ್ಲಿ ಒಂದು ಆಟೊ ನಿಂತಿತ್ತು, ಅಷ್ಟೇ.

ಹೀಗೇ ಬೇಸಿಗೆ ಕಳೆಯಿತು. ಆಮೇಲೆ ಅವಳು ಟೀ ತರುವುದು ನಿಂತುಹೋಯಿತು. ಓಬಳೇಶನಿಗೆ ಊಟ ಸೇರಲಿಲ್ಲ. ಕೊನೆಗೊಂದು ಬೆಳಗ್ಗೆ ಅವಳು ಬಾಗಿಲಲ್ಲಿ ಕಂಡಾಗ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕೇಳಿಬಿಟ್ಟ.

"ನಿಮ್ಮ ಮದ್ವೆ ಮಾತು ಆಡಾಕೆ ನಮ್ಮವ್ವನ್ನ ಕರ್ಕಂಡು ಬರ್ಲಾ?"

"ಆಯ್ತು," ಎಂದು ಅವಳು ಬಾಗಿಲು ಹಾಕಿಕೊಂಡಳು.

ನಾಚಿಕೆ ಎಂದುಕೊಂಡ, ಪಾಪ.

ಭಾನುವಾರ ತಾಯಿ ಬೋರಕ್ಕನ ಜೊತೆ ಮಲ್ಲಿಗೆ, ಬಾಳೆಹಣ್ಣು ಹಿಡಿದು ಮೆಟ್ಟಿಲು ಹತ್ತಿದ.

"ಬರ್ರಿ, ಕುಂತ್ಕಳ್ರಿ." ಮೇಷ್ಟರ ಮುಖ ಅರಳಿತ್ತು. "ಸುದ್ದಿ ಕೇಳಿ ಬಂದ್ರಾ? ಹಿರಿಯೂರಿನ ಸಂಬಂಧ. ಹೋದ ವಾರಾನೇ ತಾಂಬೂಲ ಬದಲಾಯ್ಸಿದ್ವಿ."

ಬೋರಕ್ಕ ಮಗನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಹೌದ್ರಿ," ಎಂದಳು. "ಮಗೀಗೆ ಹೂವು ಮುಡಿಸಾಣ ಅಂತಾನೇ ಬಂದ್ವಿ."

ಸೊಸೆಗೆಂದು ತಂದ ಮಲ್ಲಿಗೆಯನ್ನು ಬೃಂದಾಳ ಜಡೆಗೆ ತಾನೇ ಮುಡಿಸಿದಳು.

ಮೇಷ್ಟರು ಕಾಫಿ ಹೇಳಲು ಒಳಗೆ ಹೋದರು.

"ಆಯ್ತು ಅಂದ್ರಲ್ಲ," ಎಂದ ಓಬಳೇಶ, ದನಿ ತಗ್ಗಿಸಿ.

"ಮದ್ವೆ ಮಾತು ಮುಗ್ದೋಯ್ತು ಅಂದೆ." ಬೃಂದಾ ಅವನನ್ನೇ ದಿಟ್ಟಿಸಿದಳು. "ನೀವು ಒಪ್ಗೆ ಅಂದ್ಕಂಡ್ರಾ?"

ಅವನು ತಲೆ ತಗ್ಗಿಸಿದ. "ಮೊದ್ಲೇ ಕೇಳಿದ್ರೆ ಒಪ್ತಿದ್ರಾ?"

"ಬೇಸಿಗೆ ಪೂರ್ತಿ ಟೀ ಯಾಕೆ ತಂದೆ ಅಂದ್ಕಂಡ್ರಿ? ಗಂಡಿನೋರು ಬಂದ ದಿನಾನೂ ಬಾಗ್ಲಿಗೆ ಬಂದು ನಿಂತಿದ್ದೆ. ಒಂದು ಮಾತು ಕೇಳಿದ್ರೆ ಸಾಕಿತ್ತು, ಅಪ್ಪಾಜಿ ಎದುರಿಗೆ ನಿಂತು ಹೇಳ್ತಿದ್ದೆ. ನೀವು ಬೆನ್ನು ತಿರುಗಿಸ್ಕಂಡು ಹೂವು ಉಜ್ತಿದ್ರಿ."

"ಈಗ ಹೇಳಾಣ."

"ಅಪ್ಪಾಜಿ ಮಾತು ಕೊಟ್ಟಾರೆ. ಇನ್ನು ನನ್ ಕೈಲಿ ಆಗಲ್ಲ."

ಕಾಫಿ ಬಂತು. ಯಾರೂ ಪೂರ್ತಿ ಕುಡಿಯಲಿಲ್ಲ. ಹೊರಡುವಾಗ ಬೃಂದಾ ಬೋರಕ್ಕನಿಗೆ ಕುಂಕುಮ ಕೊಟ್ಟು, ಬಗ್ಗಿ ಕಾಲು ಮುಟ್ಟಿದಳು. ಮುಟ್ಟಿದವಳು ಏಳಲಿಲ್ಲ. ಆ ಪಾದ ಹಿಡಿದುಕೊಂಡೇ ಬಿಕ್ಕಿದಳು. ಬೋರಕ್ಕ ಅವಳ ತಲೆ ಸವರುತ್ತ ನಿಂತಳು.

"ಮದ್ವೆ ಅಂದ್ರೆ ಹೆಣ್ಮಕ್ಳು ಹಿಂಗೇ ಅಳ್ತಾವೆ ಬಿಡ್ರಿ," ಎಂದು ಮೇಷ್ಟರು ಓಬಳೇಶನ ಭುಜ ತಟ್ಟಿ ನಕ್ಕರು.