ಮಾಲಿಂಗನ ಹೆಸರಿನ ಕೀಲಿ

"ನಿಮ್ಮ ಕೀಲಿ ತಗೀರಿ."

ಕಂಪ್ಯೂಟರಿನ ಡಬ್ಬಿಯನ್ನು ಮಾಲಿಂಗನ ಮೇಜಿನ ಮೇಲೆ ಕುಕ್ಕಿ ಪೂನಮ್ ಆಡಿದ ಮೊದಲ ಮಾತು ಅದು. ಮೂರು ತಿಂಗಳ ನಂತರದ ಮೊದಲ ಮಾತು!

ಮೂಡಲಗಿಯ ಮನೆಯಿಂದ ಗೋಕಾಕಿನ ಅವನ ರಿಪೇರಿ ಅಂಗಡಿಯವರೆಗೆ, ತುಂಬಿದ ಬಸ್ಸಿನಲ್ಲಿ, ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಕಲ್ಲೋಳಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಅದೇನು ಹೊಲಿಗೆ ಮಿಷನ್ನೇ ಎಂದು ಕೇಳಿದಾಗಲೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅಳು ಬರುತ್ತಿತ್ತು.

ಮಾಲಿಂಗ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳ ಮುಖ ನೋಡಲಿಲ್ಲ. ಡಬ್ಬಿಯನ್ನು ನೋಡಿದ. ಅವನೇ ಜೋಡಿಸಿ, ಲಿನಕ್ಸ್ ತಂತ್ರಾಂಶ ಹಾಕಿ ಕೊಟ್ಟ ಕಂಪ್ಯೂಟರ್ ಅದು.

"ಯಾವ ಕೀಲಿ?"

"ಹಾಡಿನ ಫೈಲ್ ತಗದ್ರ ನಿಮ್ಮ ಹೆಸರು ಬರತೈತಿ. ಮಾಲಿಂಗ ತಿದ್ದಾಕತ್ತಾರು, ಫೈಲಿಗೆ ಕೀಲಿ ಬಿದ್ದೈತಿ ಅಂತ. ನಕಲು ತಗದು ನೋಡಿದ್ನಿ. ಕಡೀ ಹನ್ನೊಂದು ಹಾಡು ಅದರಾಗ ಇಲ್ಲ."

ಅವನ ಮುಖದ ಬಣ್ಣ ಇಳಿಯಿತು.

ಆ ಹಾಡುಗಳು ಪೂನಮಳ ಅಪ್ಪ ಶಿದ್ಲಿಂಗಪ್ಪನವು. ನಲವತ್ತು ವರ್ಷ ಸಣ್ಣಾಟದ ಮೇಳದಲ್ಲಿ ಹಾಡಿದ ಜೀವ. ಒಂದು ಸಾಲನ್ನೂ ಕಾಗದದ ಮೇಲೆ ಇಟ್ಟವನಲ್ಲ. ಗಂಟಲಲ್ಲಿ ಗಂಟು ಕಂಡ ಮೇಲೆ ಮಾತ್ರ, ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಬರೆಸಿಬಿಡಬೇಕೆಂದು ಹಟ ಹಿಡಿದ.

ವಾರವಿಡೀ ಪೂನಮ್ ಟೈಪ್ ಮಾಡುತ್ತಿದ್ದಳು. ರವಿವಾರ ಮಾಲಿಂಗನ ಸರದಿ. ಹುಕ್ಕೇರಿಯ ಮನೆಯಿಂದ ಬೈಕಿನಲ್ಲಿ ಬಂದು, ಅದೇ ಕಂಪ್ಯೂಟರಿನಲ್ಲಿ ತನ್ನ ಹೆಸರಿನಿಂದ ಲಾಗಿನ್ ಆಗಿ ಕೂರುತ್ತಿದ್ದ. ಅವಳು ಚಹಾ ಮಾಡಲು ಎದ್ದರೂ ಸಾಕು, "ನಿನ್ನೀದು ಸೇವ್ ಮಾಡೀರಿಲ್ಲ?" ಎಂದು ಕೇಳುತ್ತಿದ್ದ. ಅಪ್ಪ ಅದನ್ನೇ ಹಾಡಿನ ಧಾಟಿಗೆ ಇಳಿಸಿ, ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದ. ನಗು ತಡೆಯಲು ಪೂನಮ್ ಅಡುಗೆಮನೆಗೆ ಓಡುತ್ತಿದ್ದಳು.

ಒಂದು ರವಿವಾರ ಅಪ್ಪ ಹನ್ನೊಂದು ಹಾಡು ಹಾಡಿ, ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ ಎಂದ. ಮರುದಿನ ಮಿರಜಿನ ಆಸ್ಪತ್ರೆಗೆ ಸೇರಿದ. ತಿರುಗಿ ಬಂದಾಗ ಧ್ವನಿ ಇರಲಿಲ್ಲ.

ಮಾಲಿಂಗನೂ ಬರಲಿಲ್ಲ. ಒಂದು ಫೋನೂ ಇಲ್ಲ!

'ಹಾಡು ಮುಗಿದವು, ಇವರ ಕೆಲಸವೂ ಮುಗಿಯಿತು...' ಎಂದುಕೊಂಡ ಪೂನಮ್, ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದಳು. ಮಾತಿಲ್ಲದ ಆ ಮನೆಯಲ್ಲಿ ಹಾಡುಗಳನ್ನು ತೆರೆದು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಬರುವ ಸೋಮವಾರ ಅಪ್ಪನಿಗೆ ಎರಡನೇ ಆಪರೇಷನ್. ಅದಕ್ಕೆ ಮುಂಚೆ ತನ್ನ ಹಾಡುಗಳ ಪುಸ್ತಕ ನೋಡಬೇಕೆಂದು ಸ್ಲೇಟಿನ ಮೇಲೆ ಬರೆದು ತೋರಿಸಿದ್ದ. ಇಂದು ಬೆಳಿಗ್ಗೆ ಅವಳು ಟವೆಲ್ ಸರಿಸಿದ್ದು ಅದಕ್ಕೇ. ಪ್ರೆಸ್ಸಿನ ತೌಫೀಕ ಭಾಯ್ ಇಂದು ನಾಲ್ಕು ಗಂಟೆಯವರೆಗೆ ಕಾಯುವುದಾಗಿ ಒಪ್ಪಿದ್ದರು. ತಪ್ಪಿದರೆ ಬೇರೆ ಕೆಲಸ ಮಷಿನ್ ಏರುತ್ತಿತ್ತು.

ಈಗ ಮೂರು ಗಂಟೆ.

"ಅಳಸೀರೇನು?" ಎಂದಳು.

"ಇಲ್ಲ." ಅವನು ತಂತಿಗಳನ್ನು ಸಿಕ್ಕಿಸತೊಡಗಿದ. "ಆ ಕೀಲಿ ಯಾರೂ ಬೇಕಂತ ಹಾಕೂದಲ್ಲ. ಫೈಲ್ ತಗದ್ರ ತಾನಽ ಬೀಳತೈತಿ, ಸರಿಯಾಗಿ ಮುಚ್ಚಿದ್ರ ತಾನಽ ಹೋಗತೈತಿ. ಮುಚ್ಚದ ಹೋದ್ರ ಹೆಸರು ಅಲ್ಲೇ ಉಳೀತೈತಿ. ಆವತ್ತು ಸಂಜೀಕ ಕರೆಂಟ್ ಹೋತಲ್ಲ..."

ಪಾಸ್‌ವರ್ಡ್ ಅವನು ಒತ್ತುವಾಗ ಅವಳು ರಸ್ತೆಯತ್ತ ಮುಖ ತಿರುಗಿಸಿದಳು. ಕೋಪದಲ್ಲೂ ಆ ಮರ್ಯಾದೆ ತಪ್ಪಲಿಲ್ಲ. ಅವನು ಅದನ್ನು ಗಮನಿಸಿದ.

ಹಾಡು ಟೈಪ್ ಮಾಡುವ ಪ್ರೋಗ್ರಾಮಿನ ಚಿತ್ರವನ್ನು ಅವನು ಒತ್ತಿದ. ಅದು ಪರದೆಯ ಮೇಲೆ ಮಿಂಚಿ ಮಾಯವಾಯಿತು. ಮತ್ತೊಮ್ಮೆ ಒತ್ತಿದ. ಮತ್ತೆ ಮಾಯ.

ಮಾಲಿಂಗ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಪ್ರೋಗ್ರಾಮಿನ ಹೆಸರನ್ನು ಅಲ್ಲಿ ಟೈಪ್ ಮಾಡಿದ.

"ಚಿತ್ರ ಒತ್ತಿದ್ರ ಸುಮ್ನ ಸಾಯತೈತಿ. ಇಲ್ಲಿಂದ ಕರದ್ರ, ಯಾಕ ಸತ್ನಿ ಅಂತ ಹೇಳಿ ಸಾಯತೈತಿ."

"ಮನಷಾರೂ ಹಂಗ ಹೇಳಿ ಹೋದ್ರ ಚೊಲೋ ಇತ್ತು."

ಅವನ ಬೆರಳು ಒಂದು ಕ್ಷಣ ನಿಂತವು.

ಕಪ್ಪು ಕಿಟಕಿಯಲ್ಲಿ ಸಾಲುಗಳು ಉದುರಿದವು. ಕರೆಂಟ್ ಹೋದ ಹೊತ್ತಿನಲ್ಲಿ ಅವನ ಲಾಗಿನ್ನಿನ ಸೆಟ್ಟಿಂಗುಗಳು ಕೆಟ್ಟಿದ್ದವು. ಅವು ಇರುವ ಫೋಲ್ಡರನ್ನು ಪಕ್ಕಕ್ಕೆ ಸರಿಸಿದರೆ ಪ್ರೋಗ್ರಾಮ್ ಹೊಸದರಂತೆ ಏಳುತ್ತದೆ ಎಂದು ವಿವರಿಸಿದ. ಹಾಗಾದರೆ ಸರಿಸಿ ಎಂದು ಅವಳು ಅವಸರ ಮಾಡಿದಳು. ಅವನು ಬೇಡ ಎಂದು ತಲೆಯಾಡಿಸಿದ. ಹತ್ತು ನಿಮಿಷಕ್ಕೊಮ್ಮೆ ಪ್ರೋಗ್ರಾಮ್ ತಾನಾಗಿಯೇ ಒಂದು ನಕಲು ಇಟ್ಟುಕೊಳ್ಳುತ್ತದೆ. ಅದು ಅದೇ ಫೋಲ್ಡರಿನ ಒಳಗಿರುತ್ತದೆ. ಮೊದಲು ಅದನ್ನು ಹೊರಗೆ ತೆಗೆಯಬೇಕು.

ಒಳಗೆ ಒಂದೇ ಒಂದು ಫೈಲಿತ್ತು. ಆ ರವಿವಾರದ ತಾರೀಖು. ಸಂಜೆ ಐದೂ ನಲವತ್ತು.

ಮಾಲಿಂಗ ಅದನ್ನೇ ದಿಟ್ಟಿಸುತ್ತ ಕುಳಿತ.

"ನಾ... ಸೇವ್ ಮಾಡೇ ಇಲ್ಲ. ಕಾಕಾ ನಿಲ್ಲಸದ ಹಾಡಿದ್ರು. ಮಾಡೇನಿ ಅಂತಽ ತಿಳ್ಕೊಂಡಿದ್ನಿ."

"ಹಾಡು ಅದಾವೋ ಇಲ್ಲೋ?"

"ಇರಬೇಕು."

"ತಗೀರಿ ಮತ್ತ."

ಅವನು ತೆಗೆಯಲಿಲ್ಲ. ಕೈ ಮೌಸಿನ ಮೇಲೆ ಕಲ್ಲಾಗಿತ್ತು. ಪೂನಮಳ ಫೋನ್ ರಿಂಗಾಯಿತು. ಇನ್ನು ಇಪ್ಪತ್ತೇ ನಿಮಿಷ ಎಂದರು ತೌಫೀಕ ಭಾಯ್. ಅಪ್ಪನ ಹಾಡು ಎದುರಿಗಿದೆ... ಇವರೇಕೆ ಹೀಗೆ ಹಿಂಜರಿಯುತ್ತಾರೆ?

"ಏನ ಮುಚ್ಚಿಡಾಕತ್ತೀರಿ?"

"ಹಾಡಿನ ಕೆಳಗ ನಂದೂ ಒಂದೆರಡು ಸಾಲು ಅದಾವು," ಎಂದ, ಪರದೆಯನ್ನೇ ನೋಡುತ್ತ. "ನೀವು ಓದೀರಿ, ಓದಿ ಸುಮ್ಮಾಗೀರಿ ಅಂತ... ಮೂರು ತಿಂಗಳು ಹಂಗಽ ತಿಳ್ಕೊಂಡಿದ್ನಿ."



ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಅವನು ಆ ಸಾಲುಗಳನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. ಫೈಲನ್ನು ಹೊರಗೆ ನಕಲಿಸಿ, ಸೆಟ್ಟಿಂಗುಗಳನ್ನು ಪಕ್ಕಕ್ಕೆ ಸರಿಸಿ, ತೆರೆದುಕೊಟ್ಟು, ಎದ್ದು ಹೋಗಿ ಹೊಸ್ತಿಲಲ್ಲಿ ಬೆನ್ನು ಮಾಡಿ ನಿಂತ.

ಪೂನಮ್ ಕುಳಿತಳು. ಎಣಿಸಿದಳು. ಒಂದು, ಎರಡು... ಹನ್ನೊಂದು! ಅಪ್ಪ ಎಲ್ಲಿ ಎಳೆದನೋ ಅಲ್ಲಿ ಅಕ್ಷರವೂ ಎಳೆದಿತ್ತು. ಎಲ್ಲಿ ಕೆಮ್ಮಿದನೋ ಅಲ್ಲಿ ಮಾಲಿಂಗ ಮೂರು ಚುಕ್ಕಿ ಇಟ್ಟಿದ್ದ. ಅಪ್ಪನ ಧ್ವನಿ ಇಲ್ಲಿ ಇಷ್ಟು ದಿನ ಸುಮ್ಮನೆ ಕಾದು ಕುಳಿತಿತ್ತು. ಅವಳ ಕಣ್ಣು ತುಂಬಿ ಬಂದವು.

ಕೊನೆಯ ಹಾಡಿನ ಕೆಳಗೆ, ಒಂದು ಸಾಲು ಬಿಟ್ಟು:

'ಪೂನಮ್, ಹಾಡು ಮುಗಿದ ಮೇಲೂ ಪ್ರತಿ ರವಿವಾರ ನಿಮ್ಮ ಮನೆಗೆ ಬರಲು ನನಗೆ'

ಅಷ್ಟೇ. ಮುಂದೆ ಏನೂ ಇಲ್ಲ. ಪ್ರೋಗ್ರಾಮ್ ನಕಲು ಇಟ್ಟುಕೊಂಡ ಆ ಗಳಿಗೆಯಲ್ಲಿ ಅವನು ಅಷ್ಟೇ ಬರೆದಿದ್ದ.

ಅವಳು ಕಣ್ಣೊರೆಸಿಕೊಂಡು, ಆ ಸಾಲನ್ನು ಕತ್ತರಿಸಿ ಬೇರೆ ಫೈಲಿಗೆ ಹಾಕಿದಳು. ಹಾಡುಗಳನ್ನು ಪ್ರೆಸ್ಸಿಗೆ ಕಳಿಸಿದಳು. ಬಂತು ಎಂದು ತೌಫೀಕ ಭಾಯ್ ಹೇಳುವವರೆಗೂ ಹೊಸ್ತಿಲಿನ ಬೆನ್ನು ಅಲುಗಲಿಲ್ಲ.

"ಸಾಲು ಅರ್ಧಕ್ಕ ನಿಂತೈತಿ," ಎಂದಳು.

ಅವನು ತಿರುಗಿದ. "ಅರ್ಧ?"

"ನನಗೆ ಅಂತ ಐತಿ. ನನಗೆ... ಏನ್ರಿ?"

ಕೀಬೋರ್ಡನ್ನು ಅವನ ಕಡೆ ಸರಿಸಿದಳು. ಅವನು ನಿಂತೇ, ಬಗ್ಗಿ, ಎರಡು ಬೆರಳಿನಿಂದ ಟೈಪ್ ಮಾಡಿದ. ದಿನವಿಡೀ ಹತ್ತು ಬೆರಳಿನಿಂದ ಟೈಪ್ ಮಾಡುವವನು!

'ಒಂದು ನೆಪ ಬೇಕು. ನೆಪ ಸಿಗದಿದ್ದರೆ ನಿಜ ಹೇಳಬೇಕಾಗುತ್ತದೆ. ನೀವಿಲ್ಲದ ರವಿವಾರ ನನಗೆ ರವಿವಾರ ಅನಿಸುವುದಿಲ್ಲ.'

ಪೂನಮ್ ಓದಿದಳು. ಮತ್ತೆ ಓದಿದಳು.

"ಸೇವ್ ಮಾಡೀರಿಲ್ಲ?"

ಅವನು ಸೇವ್ ಒತ್ತಿದ.

"ಈಗ ಸರಿಯಾಗಿ ಮುಚ್ಚರಿ. ನಿಮ್ಮ ಕೀಲಿ ಹೋಗಲಿ." ಅವಳು ಎದ್ದು ಡಬ್ಬಿಯ ತಂತಿ ಬಿಚ್ಚತೊಡಗಿದಳು. "ರವಿವಾರ ಬೆಳಿಗ್ಗೆ ಬರ್ರಿ. ಸೋಮವಾರ ಅಪ್ಪನ ಜೋಡಿ ಮಿರಜಕ್ಕ ಹೋಗೂದೈತಿ."

"ಕಾಕಾ ಕೇಳಿದ್ರ... ಯಾಕ ಬಂದಿ ಅಂದ್ರ?"

"ಖರೇನ ಹೇಳ್ರಿ," ಎಂದಳು ಪೂನಮ್. "ಅಪ್ಪಗ ಮಾತು ಬರೂದಿಲ್ಲ. ತಾಳ ಬರತೈತಿ."